ಸಾಲಿಗೆ ಬರದ ಹುಡುಗರ ಮನಿಗೆ ಫೋನ್ ಹಚ್ಚಿ ಹಚ್ಚಿ ಸಾಕಾತು, ಇದರಿಂದ ಉಪಯೋಗ ಐತೇನ್ರಿ?

ಬೀಳಗಿ_ಮಾಸ್ತರ | ಭಾನುವಾರ ರಾತ್ರಿ 9:12
ನಮಸ್ಕಾರ್ರಿ ಎಲ್ಲಾರಿಗೂ. ಬೀಳಗಿ ತಾಲೂಕಿನ ಒಂದು ಸರಕಾರಿ ಸಾಲ್ಯಾಗ ಮಾಸ್ತರ ಅದೀನಿ, ಆರನೇತ್ತ ಏಳನೇತ್ತ ನನ್ನ ಕಡೆ ಅದಾವು. ಊರಿನ ಹೆಸರು ಬ್ಯಾಡ, ನಮ್ಮ ಮಂದಿನೂ ಇಲ್ಲಿ ಓದ್ತಾರ.

ಜೂನ್ ಜುಲೈ ಹಾಜರಿ ಕೇಳೂದ ಬ್ಯಾಡ, ಪುಸ್ತಕ, ಸಮವಸ್ತ್ರ, ಬೂಟು ಕೊಡೂತನಾ ಖೋಲಿ ತುಂಬಿರತೈತಿ. ಉಳ್ಳಾಗಡ್ಡಿ ಕೀಳೂದು ಸುರು ಆತಂದ್ರ ಒಂದೊಂದ ಬೆಂಚ್ ಖಾಲಿ, ಸಂತಿ ದಿನ ಅರ್ಧಾ ಕ್ಲಾಸ್ ಖಾಲಿ, ದಸರಾ ಸೂಟಿ ಮುಗಿಸಿ ಸ್ವಲ್ಪ ದಿನಕ್ಕ ಕಬ್ಬು ಕಡಿಯಾಕ ಹೋಗೋರ ಮಕ್ಕಳು ಊರಾಗ ಇಲ್ಲ. ಮೀಟಿಂಗಿನ್ಯಾಗ ಮ್ಯಾಲಿನವರು ಅಂತಾರ, ಪಾಲಕರ ಜೋಡಿ ನಿರಂತರ ಸಂಪರ್ಕ ಇಟ್ಕೋರಿ, ಹಾಜರಿ ತಾನ ಏರತೈತಿ ಅಂತ. ಸಂಪರ್ಕ ಅಂದ್ರ ಹ್ಯಾಂಗ್ರಿ? ವಾಟ್ಸಾಪ್ ಗ್ರೂಪ್ ಮಾಡೀನಿ, ಅದರಾಗ ಗುಡ್ ಮಾರ್ನಿಂಗ್ ಫೋಟೊ ಬಿಟ್ಟು ಬ್ಯಾರೆ ಏನೂ ಬರಂಗಿಲ್ಲ. ಫೋನ್ ಹಚ್ಚಿದ್ರ ‘ಹೂನ್ರಿ ಸರ, ನಾಳಿ ಕಳಸ್ತೀನ್ರಿ’ ಅಂತಾರ, ಆ ನಾಳಿ ಬರೂದ ಇಲ್ಲ. ಮನಿಗೆ ಹೋದ್ರ ಬಾಗಲಾ ಕೀಲಿ. ಇದರ ಮ್ಯಾಲೆ ಎಸ್‌ಎಟಿಎಸ್ (ಮಕ್ಕಳ ದಾಖಲೆ ಇಡೋ ಇಲಾಖೆ ಆನ್‌ಲೈನ್ ವ್ಯವಸ್ಥೆ) ಎಂಟ್ರಿ, ಬಿಸಿಯೂಟದ ಲೆಕ್ಕ, ಚುನಾವಣಿ ಕೆಲಸ, ಗಣತಿ ಕೆಲಸ ಎಲ್ಲಾ ನಮ್ಮ ತಲಿಗೆ.

ಯಾರರೆ ಖರೇನ ಇದನ್ನ ಮಾಡಿ ಹಾಜರಿ ಏರಿಸಿದವರು ಅದೀರೇನು? ಯಾರಿಗೆ ಫೋನ್ ಹಚ್ಚಿದ್ರಿ, ಏನ್ ಮಾತಾಡಿದ್ರಿ, ಅದಷ್ಟ ಹೇಳ್ರಿ. ಭಾಷಣ ಬ್ಯಾಡ್ರಿ, ಅದು ನಮಗ ತಿಂಗಳಿಗೊಮ್ಮಿ ಪುಕ್ಕಟ ಸಿಗತೈತಿ.

ತಿಕೋಟಾ_ದ್ರಾಕ್ಷಿ | ರಾತ್ರಿ 9:20
ಸರ್, ನಂಬರ್ ಅಪ್ಪಂದು, ಹುಡುಗನ್ನ ಎಬ್ಬಿಸಿ ಕಳಸೂದು ಅವ್ವ. ಮೊದಲ ನಂಬರ್ ಬದಲಿ ಮಾಡ್ಕೋರಿ.

ಜಮಖಂಡಿ_ಅಜ್ಜ | ರಾತ್ರಿ 9:34
ನಿವೃತ್ತ ಶಿಕ್ಷಕ ಅದೀನಿ ತಮ್ಮಾ. ನಮ್ಮ ಕಾಲದಾಗ ಫೋನ್ ಎಲ್ಲಿತ್ತು? ಮುಂಜಾನಿ ಸೈಕಲ್ ಮ್ಯಾಲೆ ಓಣಿ ಹಾದು ಹೋಗ್ತಿದ್ವಿ, ‘ಏ ಎಲ್ಲಿ ನಿನ್ನ ಮಗಾ’ ಅಂತ ಒಂದು ದನಿ ಹಾಕಿದ್ರ ಹುಡುಗ ಪಾಟಿಚೀಲ ಹಿಡಕೊಂಡು ಹಿಂದ ಓಡಿ ಬರ್ತಿತ್ತು. ಈಗಿನ ಮಾಸ್ತರು ಊರಾಗ ಇರಂಗಿಲ್ಲ, ಬಾಗಲಕೋಟಿಯಿಂದ ಬೈಕ್ ಮ್ಯಾಲೆ ಬಂದು ಬೈಕ್ ಮ್ಯಾಲೆ ಹೋಗ್ತಾರ, ಮಂದಿ ಪರಿಚಯ ಹ್ಯಾಂಗ ಆಗಬೇಕು?

ಇಂಡಿ_ಲಿಂಬಿಕಾಯಿ | ರಾತ್ರಿ 9:41
ಅಜ್ಜಾರ, ನಿಮ್ಮ ಕಾಲದಾಗ ಊರಿನ ಅರ್ಧಾ ಹುಡುಗರ ಹೆಸರ ಸಾಲಿ ಪಟ್ಟಿಯಾಗ ಇರ್ತಿರಲಿಲ್ಲ. ಹೆಸರ ಇಲ್ಲಂದ್ರ ಗೈರು ಎಲ್ಲಿಂದ ಬರಬೇಕ್ರಿ 😀

ಜಮಖಂಡಿ_ಅಜ್ಜ | ರಾತ್ರಿ 9:45
ಅದೂ ಖರೆ ಐತಿ. ಆದ್ರ ಇದ್ದಷ್ಟು ಮಂದಿ ಬರ್ತಿದ್ರು.

ಸಿಂದಗಿ_ಅವ್ವ | ರಾತ್ರಿ 9:58
ನಾ ಟೀಚರ್ ಅಲ್ರಿ, ಇಬ್ಬರು ಮಕ್ಕಳ ತಾಯಿ. ನಮ್ಮ ಕಡಿಂದ ಒಂದ್ ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ ಸರ್. ಸಾಲಿಂದ ಫೋನ್ ಬಂತಂದ್ರ ಎದಿ ಝಲ್ ಅಂತಿತ್ತು ನನಗ, ಯಾಕಂದ್ರ ಒಳ್ಳೇ ಸುದ್ದಿಗೆ ಒಮ್ಮೆನೂ ಬರ್ತಿರಲಿಲ್ಲ. ಪಾಲಕರ ಸಭಾ ಅಂತ ಕರೀತಾರ, ಅವತ್ತಿನ ಕೂಲಿ ಬಿಟ್ಟು, ಒಂದ್ ಛಲೋ ಸೀರಿ ಉಟ್ಕೊಂಡು ಹೋದ್ರ ನಾಕ ಮಂದಿ ಎದುರಿಗೆ ನಿಂದ್ರಿಸಿ ‘ನಿನ್ ಮಗಗ ಮಗ್ಗಿ ಬರಂಗಿಲ್ಲ, ಮನ್ಯಾಗ ಏನ್ ಮಾಡ್ತೀರಿ ನೀವು’ ಅಂತ ಕೇಳ್ತಿದ್ರು. ಮನ್ಯಾಗ ಏನ್ ಮಾಡ್ತೀವಿ, ರೊಟ್ಟಿ ಬಡೀತೀವಿ ಹೊಲಕ್ಕ ಹೋಗ್ತೀವಿ, ಮತ್ತೇನ್ ಮಾಡಬೇಕ್ರಿ. ಎರಡ್ ಸರ್ತಿ ಹಂಗ ಆದಮ್ಯಾಲ ಓಣಿ ಹೆಣ್ಮಕ್ಕಳು ಯಾರೂ ಹೋಗಲೇ ಇಲ್ಲ.

ಈಗ ಹೊಸಾ ಟೀಚರ್ ಬಂದಾರ. ಅವರು ಮೊದಲ ಹೊಲದ ಸುದ್ದಿ ಕೇಳ್ತಾರ, ತೊಗರಿ ಹೆಂಗದ, ಕೂಸಿನ ಜ್ವರಾ ಕಡಿಮಿ ಆಯ್ತೇನು ಅಂತ. ಆಮ್ಯಾಲ ‘ನಿಮ್ಮ ಮಗ ಇವತ್ತ ಬೋರ್ಡ್ ಮ್ಯಾಲ ಭಾಗಾಕಾರ ಮಾಡಿದ ನೋಡ್ರಿ’ ಅಂತಾರ. ಆ ಒಂದ್ ಮಾತಿಗೆ ಅವತ್ತ ರಾತ್ರಿ ನಮ್ಮ ಮನಿಯವರು ಮಗನ್ನ ಕರದು ಬಾಜೂಕ ಕುಂದ್ರಿಸಿಕೊಂಡು ಉಂಡ್ರು. ಈಗ ನಾನಾಗೇ ಫೋನ್ ಮಾಡಿ ಹೇಳ್ತೀನಿ, ಟೀಚರ್, ತವರಮನ್ಯಾಗ ಕಾರ್ಯ ಅದ, ನಾಳಿ ಒಂದಿನ ಬರಂಗಿಲ್ಲ, ನಾಡದ ಕಳಸ್ತೀನಿ ಅಂತ. ಹೇಳದ ಬಿಟ್ರ ನನಗ ಮನಸ್ಸಿಗಿ ಹತ್ತಂಗಿಲ್ಲ.

ಬೀಳಗಿ_ಮಾಸ್ತರ | ರಾತ್ರಿ 10:06
ಅಕ್ಕಾರ, ಸಿಟ್ಟ್ಯಾಕ ಆಗಲ್ರಿ, ಇದ ನನಗ ಬೇಕಾಗಿತ್ತು. ಆದ್ರ ಒಬ್ಬೊಬ್ಬರ ಜೋಡಿ ಹೊಲದ ಸುದ್ದಿ ತಗದ್ರ ಹತ್ತ್ ನಿಮಿಷ ಬೇಕು. ಎಲ್ಲಾ ಮನಿಗೂ ಮಾಡಬೇಕಂದ್ರ ಸಂಜೀಕ ಅದ ಕೆಲಸ ಆಗತೈತಿ, ನಮಗೂ ಮನಿ ಮಠ ಅದಾವ್ರಿ.

ರಬಕವಿ_ಮಗ್ಗ | ರಾತ್ರಿ 10:11
ಎಲ್ಲಾರಿಗೂ ಯಾಕ ಮಾಡ್ತೀರಿ ಸರ. ದಿನಾ ಬರೋ ಮಕ್ಕಳ ಮನಿಗೆ ತಿಂಗಳಿಗೊಂದು ಸಾಕು. ತಪ್ಪಸೋರು ಯಾರು ಅನ್ನೂದು ನಿಮಗ ಜುಲೈದಾಗನ ಗೊತ್ತಾಗಿರತೈತಿ, ಏಳೆಂಟ ಮನಿ ಇರ್ತಾವ, ಅಷ್ಟ ಹಿಡಕೋರಿ.

ಬಿ_ಶಿಕ್ಷಣ_ಚಿಕ್ಕೋಡಿ | ರಾತ್ರಿ 10:30
ನಾನು ಮೂಲ ತುಮಕೂರು ಕಡೆಯವನು, ಈಗ ಚಿಕ್ಕೋಡಿ ಹತ್ತಿರ ಕೆಲಸ, ಭಾಷೆ ಬೇರೆ ಥರ ಅನ್ನಿಸಿದ್ರೆ ಹೊಂದಿಸ್ಕೊಳ್ಳಿ. ಇದರ ಮೇಲೆ ಸರಿಯಾದ ಪ್ರಯೋಗಗಳೇ ಆಗಿವೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಟಾಡ್ ರೋಜರ್ಸ್, ಅವಿ ಫೆಲ್ಲರ್ ಅನ್ನೋ ಇಬ್ಬರು ಸುಮಾರು 28,000 ಮನೆಗಳನ್ನ ತಗೊಂಡು, ಒಂದಷ್ಟು ಮನೆಗೆ ಅಂಚೆಯಲ್ಲಿ ಕಾಗದ ಕಳಿಸಿದ್ರು, ಒಂದಷ್ಟು ಮನೆಗೆ ಕಳಿಸಲಿಲ್ಲ. 2018ರಲ್ಲಿ ಪ್ರಕಟ ಆಯ್ತು. ಕಾಗದದಲ್ಲಿ ಬೈಗುಳ ಇಲ್ಲ, ಬುದ್ಧಿವಾದ ಇಲ್ಲ, ನಿಮ್ಮ ಮಗು ಈ ವರ್ಷ ಇಷ್ಟು ದಿನ ತಪ್ಪಿಸಿದೆ ಅನ್ನೋ ಒಟ್ಟು ಲೆಕ್ಕ ಮುಖ್ಯವಾಗಿ ಇತ್ತು. ಅಷ್ಟಕ್ಕೇ ವಿಪರೀತ ಗೈರಾಗೋ ಮಕ್ಕಳ ಸಂಖ್ಯೆ ಶೇ. 10ರಷ್ಟು ಅಥವಾ ಅದಕ್ಕೂ ಹೆಚ್ಚು ಇಳೀತು. ಕಾರಣ ಏನಂದ್ರೆ ಅಪ್ಪ ಅಮ್ಮಂದಿರಿಗೆ ತಮ್ಮ ಮಗು ಎಷ್ಟು ದಿನ ತಪ್ಪಿಸಿದೆ ಅನ್ನೋದೇ ಸರಿಯಾಗಿ ಗೊತ್ತಿರಲ್ಲ, ನಿಜವಾಗಿ ತಪ್ಪಿಸಿದ್ದರ ಅರ್ಧದಷ್ಟು ಅಂದ್ಕೊಂಡಿರ್ತಾರೆ. ಇನ್ನೊಂದು ತಮಾಷೆ, ‘ಬೇರೆ ಮಕ್ಕಳು ಇಷ್ಟೇ ತಪ್ಪಿಸಿದ್ದಾರೆ ನಿಮ್ಮ ಮಗು ಇಷ್ಟು’ ಅಂತ ಹೋಲಿಸಿ ಬರೆದಿದ್ದಕ್ಕೆ ಹೆಚ್ಚಿನ ಪರಿಣಾಮ ಏನೂ ಆಗಲಿಲ್ಲ.

ಹಾಗೇ ವೆಸ್ಟ್ ವರ್ಜಿನಿಯಾದಲ್ಲಿ 22 ಶಾಲೆಗಳಲ್ಲಿ ಮೊಬೈಲ್‌ಗೆ ತಾನಾಗೇ ಮೆಸೇಜ್ ಹೋಗೋ ವ್ಯವಸ್ಥೆ ಮಾಡಿದ್ರು. ತರಗತಿ ಹಾಜರಿ ಶೇ. 12 ಏರಿತು, ಫೇಲಾಗೋ ವಿಷಯಗಳು ಶೇ. 28 ಇಳಿದ್ವು. ಆದರೆ ರಾಜ್ಯಮಟ್ಟದ ಪರೀಕ್ಷೆ ಅಂಕ ಮಾತ್ರ ಬದಲಾಗಲಿಲ್ಲ.

ಅಥಣಿ_ಹುಡುಗ | ರಾತ್ರಿ 10:37
ಫಿಲಡೆಲ್ಫಿಯಾದಾಗ ದೀಪಾವಳಿಗೆ ಕಬ್ಬು ಕಡಿಯೋರನ್ನ ಕರಕೊಂಡು ಹೋಗೋ ಮುಕಾದಮ ಟ್ರ್ಯಾಕ್ಟರ್ ತಗೊಂಡ ಬರ್ತಾನೇನ್ರಿ ಸರ?

ಬಿ_ಶಿಕ್ಷಣ_ಚಿಕ್ಕೋಡಿ | ರಾತ್ರಿ 10:40
ಬರಲ್ಲ ಮಾರಾಯ್ರೆ. ಆದರೆ ಸಂತೆ ದಿನ ತಪ್ಪಿಸೋ ಮಗು, ಹಬ್ಬಕ್ಕೆ ಅಂತ ಹೋಗಿ ವಾರ ಕೂರೋ ಮಗು, ಹೊಟ್ಟೆ ನೋವು ಅಂತ ಉಳ್ಕೊಳ್ಳೋ ಮಗು ಎಲ್ಲಾ ಕಡೆ ಇರ್ತಾರೆ. ನಾನು ಹೇಳಿದ್ದು ಅವರ ಬಗ್ಗೆ. ಗುಳೆ ಹೋಗೋರದ್ದು ಬೇರೆ ಸಮಸ್ಯೆ, ಎರಡನ್ನೂ ಒಂದೇ ಪಟ್ಟಿಗೆ ಸೇರಿಸಬಾರದು.

ರಬಕವಿ_ಮಗ್ಗ | ರಾತ್ರಿ 10:44
ಈ ಒಟ್ಟು ಲೆಕ್ಕದ ಮಾತು ನೂರಕ್ಕ ನೂರು ಖರೆ. ನಮ್ಮ ಓಣ್ಯಾಗ ಒಬ್ಬರನ್ನ ಕೇಳಿ ನೋಡ್ರಿ, ‘ಒಂದೆರಡ ದಿನ ತಪ್ಪಿರಬೇಕು ಅಷ್ಟ’ ಅಂತಾರ. ಮಗ್ಗದ ನೂಲಿನ ಕಂಡಿಕಿ ಸುತ್ತಾಕ ಕುಂದ್ರಸಿದ ದಿನಾನ ಅವರು ಗೈರು ಅಂತ ಹಿಡಿಯಂಗ ಇಲ್ಲ, ಮನ್ಯಾಗ ಇತ್ತಲ್ಲ ಹುಡುಗಿ ಅಂತಾರ.

ಗೋಳಗುಮ್ಮಟ_ರೋಡ್ | ಸೋಮವಾರ ಮುಂಜಾನೆ 7:02
ನಾವು ವಿಜಯಪುರ ಸಿಟ್ಯಾಗ ಇರ್ತೀವಿ, ಪ್ರೈವೇಟ್ ಸ್ಕೂಲ್, ಹೆಸರ ಬ್ಯಾಡ. ಅವರ ಆ್ಯಪ್ ಅದ. ಫೀ ಕಟ್ಟರಿ ಅಂತ ಮೆಸೇಜ್, ಬಸ್ ಫೀ ಕಟ್ಟರಿ ಅಂತ ಮೆಸೇಜ್, ಗ್ಯಾದರಿಂಗ್ ಡ್ರೆಸ್ಸಿಗೆ ರೊಕ್ಕಾ ಕಳಸ್ರಿ ಅಂತ ಮೆಸೇಜ್. ಮಗಾ ಒಂದಿನ ಬಸ್ ತಪ್ಪಿಸಿಕೊಂಡು ಸಂಜೀ ಮಟಾ ಗೆಳ್ಯಾನ ಮನ್ಯಾಗ ಕುಂತು ಬಂದಾನ, ಗೈರು ಅಂತ ಮೆಸೇಜ್ ಮರುದಿನ ಮಧ್ಯಾಹ್ನ ಬಂತು. ಹಿಂಗಾಗಿ ಆ ಆ್ಯಪಿನ ಸೌಂಡ್ ಬಂದ್ ಮಾಡಿ ಇಟ್ಟೀನಿ, ಎಲ್ಲಾರೂ ಹಂಗ ಮಾಡ್ಯಾರ. ಮೆಸೇಜ್ ಜಾಸ್ತಿ ಆದಷ್ಟು ಓದೋರು ಕಡಿಮಿ ಆಗ್ತಾರ, ಇದನ್ನ ಯಾರಾದ್ರೂ ಬರಕೊಳ್ರಿ. ಬರದಿದ್ದ ಹುಡುಗನ ಮನಿಗೆ ಹತ್ತೂವರಿ ಒಳಗ ಒಂದ್ ಫೋನ್ ಬಂದ್ರ ಸಾಕು, ಉಳದದ್ದೆಲ್ಲಾ ಕಸಾ.

ಹೆಸರ_ಬ್ಯಾಡ_ಬಿಡ್ರಿ | ಮುಂಜಾನೆ 7:30
ಎಲ್ಲಾರೂ ಒಂದು ಮಾತು ಮುಚ್ಚಿಟ್ಟು ಮಾತಾಡಾಕತ್ತೀರಿ, ನಾ ಹೇಳ್ತೀನಿ. ಎಷ್ಟೋ ಕಡೆ ಹಾಜರಿ ಪುಸ್ತಕದಾಗ ಗೈರು ಅಂತ ಬರದರ ತಾನ ಮನಿಗೆ ಫೋನ್ ಹೋಗೂದು? ಗೈರು ಜಾಸ್ತಿ ತೋರಿಸಿದ್ರ ಮ್ಯಾಲಿನವರು ‘ಏನ್ ಮಾಡಾಕತ್ತೀರಿ’ ಅಂತ ಮಾಸ್ತರನ್ನ ಹಿಡೀತಾರ, ಊಟದ ಸಂಖ್ಯೆ ಇಳದ್ರ ಅಕ್ಕಿ ಲೆಕ್ಕ ಹೊಂದಂಗಿಲ್ಲ. ಅದಕ್ಕ ಹುಡುಗ ಕುರಿ ಹಿಂದ ಇರ್ತಾನ, ಪುಸ್ತಕದಾಗ ಬೆಂಚಿನ ಮ್ಯಾಲೆ ಇರ್ತಾನ. ಅವರಪ್ಪಗ ‘ನಿನ್ನ ಮಗಾ ಇಷ್ಟು ದಿನ ತಪ್ಪಿಸ್ಯಾನ’ ಅಂತ ಯಾವ ಲೆಕ್ಕ ಹೇಳಬೇಕು?

ಬೀಳಗಿ_ಮಾಸ್ತರ | ಮುಂಜಾನೆ 8:05
ಎಲ್ಲಾರನ್ನೂ ಒಂದ ತಕ್ಕಡ್ಯಾಗ ತೂಗಬ್ಯಾಡ್ರಿ. ನಮ್ಮಲ್ಲಿ ಬರದ ಹುಡುಗನ ಮುಂದ ಗೈರು ಅಂತನ ಬರೀತೀವಿ, ಅದಕ್ಕ ನಮ್ಮ ಸಾಲಿ ಶೇಕಡಾವಾರು ಕಡಿಮಿ, ಅದಕ್ಕ ಮೀಟಿಂಗಿನ್ಯಾಗ ನಮಗ ಬೈಗಳ ಜಾಸ್ತಿ.

ಹೆಸರ_ಬ್ಯಾಡ_ಬಿಡ್ರಿ | ಮುಂಜಾನೆ 8:09
ಅಲ್ಲೇ ಬಂತಲ್ರಿ ಸರ. ಖರೆ ಬರದವರಿಗೆ ಬೈಗಳ. ನಾ ಹೇಳಿದ್ದೂ ಅದ.

ಕಾನೂನು_ಕಟ್ಟಿ | ಮುಂಜಾನೆ 8:40
ಒಂದೆರಡು ಮಾಹಿತಿ. ಶಿಕ್ಷಣ ಹಕ್ಕು ಕಾಯ್ದೆ 2009ರದು, ಜಾರಿ ಆಗಿದ್ದು 1 ಏಪ್ರಿಲ್ 2010. 6ರಿಂದ 14 ವಯಸ್ಸಿನ ಮಕ್ಕಳಿಗೆ. ಒಂದರಿಂದ ಐದಕ್ಕ ವರ್ಷಕ್ಕ 200 ದಿನ, ಆರರಿಂದ ಎಂಟಕ್ಕ 220 ದಿನ ಸಾಲಿ ನಡೀಬೇಕು. ನಮ್ಮ ಹೈಕೋರ್ಟು 2013ರಾಗ ಪೇಪರ್ ಸುದ್ದಿ ನೋಡಿ ಸಾಲಿ ಬಿಟ್ಟ ಮಕ್ಕಳ ವಿಚಾರ ತಾನಾಗೇ ಕೈಗೆತ್ತಿಕೊಂಡಿತ್ತು. ಅದಕ್ಕಿಂತ ಮುಂಚೆ 60 ದಿನ ಬರದಿದ್ರ ಹೊರಗುಳಿದ ಮಗು ಅಂತ ಹಿಡೀತಿದ್ರು, ಆ ಕೇಸ್ ನಡದಾಗ ಅದನ್ನ 7 ದಿನಕ್ಕ ಇಳಿಸಿದ್ರು. ಅಂದ್ರ ಒಂದು ವಾರ ಹೇಳದ ಕೇಳದ ಬರಲಿಲ್ಲಂದ್ರ ಸಾಲಿಯವರು ಮನಿಗೆ ಹೋಗಿ ವಿಚಾರಿಸಬೇಕು. ಇನ್ನ ಎಸ್‌ಡಿಎಂಸಿ, ಅಂದ್ರ ಸಾಲಿ ಅಭಿವೃದ್ಧಿ ಮತ್ತ ಉಸ್ತುವಾರಿ ಸಮಿತಿ, ಅಂತ 2001ರಿಂದ ಐತಿ, ಅದರಾಗ ಪಾಲಕರ ಇರೂದು. ಮಾಸ್ತರ ಒಬ್ಬಾಂವ ಯಾಕ ಮನಿ ಮನಿ ಅಡ್ಡಾಡಬೇಕು? ಅವರನ್ನ ಕಳಸ್ರಿ.

ಇಂಡಿ_ಲಿಂಬಿಕಾಯಿ | ಮುಂಜಾನೆ 8:52
ನಮ್ಮೂರ ಎಸ್‌ಡಿಎಂಸಿ ಅಧ್ಯಕ್ಷರ ಮಗಾನೇ ಸೋಮವಾರ ಬರಂಗಿಲ್ಲ ಬಿಡ್ರಿ. ಕಂಪೌಂಡ್ ಗುತ್ತಿಗಿ ಬಂದಾಗ ಮಾತ್ರ ಕಮಿಟಿ ಪೂರಾ ಹಾಜರ್.

ಕಾನೂನು_ಕಟ್ಟಿ | ಮುಂಜಾನೆ 8:55
ಅದು ಊರಿನ ದೋಷ, ಕಾಯ್ದೆದಲ್ಲ.

ತಾಂಡಾದಾಂವ | ಮುಂಜಾನೆ 9:25
ನಿನ್ನಿ ರಾತ್ರಿಯಿಂದ ಓದ್ಲಿಕತ್ತೀನಿ, ಕಬ್ಬಿನ ವಿಚಾರ ಬರ್ತದ ಹೋಗ್ತದ, ಯಾರೂ ಕುಂತು ಮಾತಾಡವಲ್ಲರು. ನಾ ಇಂಡಿ ಕಡೆ ತಾಂಡಾದಾಂವ, ಕಬ್ಬಿನ ಗದ್ದ್ಯಾಗ ಜೋಪಡ್ಯಾಗ ಬೆಳದಾಂವ, ಈಗ ಪುಣೆದಾಗ ಕೆಲಸ.

ಹೆಂಗ ನಡೀತದ ಕೇಳ್ರಿ. ಮಳಿಗಾಲದಾಗ ಮನ್ಯಾಗ ರೊಕ್ಕ ಇರಂಗಿಲ್ಲ, ಬೀಜ ಗೊಬ್ಬರ, ಇಲ್ಲಾ ದವಾಖಾನಿ, ಇಲ್ಲಾ ಮದುವಿ. ಆವಾಗ ಮುಕಾದಮ ಮುಂಗಡ ಕೊಡ್ತಾನ, ಗಂಡ ಹೆಂಡ್ತಿ ಇಬ್ಬರ ಲೆಕ್ಕದಾಗ. ಆ ರೊಕ್ಕಾ ಮುಟ್ಟಿದಲ್ಲೇ ದೀಪಾವಳಿ ಹಿಂದ ಮುಂದ ಹೋಗೂದು ಗ್ಯಾರಂಟಿ ಆತು, ಸಾಂಗ್ಲಿ ಕೊಲ್ಹಾಪುರ ಆಗಲಿ ಮುಧೋಳ ಜಮಖಂಡಿ ಆಗಲಿ. ಫ್ಯಾಕ್ಟರಿ ಬಂದ್ ಆಗೂತನಾ, ಅಂದ್ರ ಮಾರ್ಚ್ ತನಾ ಬರಂಗಿಲ್ಲ. ಮಕ್ಕಳನ್ನ ಕರಕೊಂಡು ಹೋಗೂದು ಸಾಲಿ ಮ್ಯಾಲಿನ ಸಿಟ್ಟಿಗೆ ಅಲ್ಲ, ಬಿಟ್ಟು ಹೋಗ್ಲಿಕ್ಕೆ ಮನಿ ಇರಂಗಿಲ್ಲ ಅದಕ್ಕ. ದೊಡ್ಡ ಹುಡುಗಿ ಇದ್ರ ಆಕಿ ಜೋಪಡ್ಯಾಗ ಸಣ್ಣ ಕೂಸು ಹಿಡಕೊಂಡು ಕೂಡ್ತಾಳ.

ಇಂಥವರಿಗೆ ನವೆಂಬರದಾಗ ಫೋನ್ ಹಚ್ಚಿ ‘ಸಾಲಿಗೆ ಕಳಸ್ರಿ’ ಅಂದ್ರ ಏನ್ ಹೇಳಬೇಕ್ರಿ ಅವರು? ‘ಹೂನ್ರಿ ಸರ’ ಅಂತಾರ, ಇಡ್ತಾರ. ನೀವು ಶ್ರಾವಣದಾಗ ಮಾತಾಡಬೇಕು. ಈ ವರ್ಷ ಹೋಗ್ತೀರೇನು, ಯಾವ ಕಡೆ, ಎಷ್ಟ ಮಂದಿ, ಹುಡುಗನ್ನ ಯಾರ ಕಡೆ ಬಿಡ್ತೀರಿ ಅಂತ. ಅಜ್ಜಿ ಇದ್ರ ಅಜ್ಜಿ ನಂಬರ್ ತಗೋರಿ, ಆಕಿ ಜೋಡಿ ಸಂಪರ್ಕ ಇಟ್ಕೋರಿ, ಅಪ್ಪನ ಜೋಡಿ ಅಲ್ಲ. ಹಾಸ್ಟೆಲ್ ಸೀಟ್ ಸಿಗೂಹಂಗ ಇದ್ರ ಅರ್ಜಿ ನೀವೇ ತುಂಬಿ ಕೊಡ್ರಿ, ಅವರಿಗೆ ಆ ಕಾಗದಪತ್ರದ ಹೆದರಿಕಿ ಭಾಳ. ನನ್ನ ಸಾಲಿ ಉಳದದ್ದು ಹಂಗೇ. ನಮ್ಮ ಮಾಸ್ತರ ಅಪ್ಪನ ಕೂಡ ಜಗಳಾ ತಗೀಲಿಲ್ಲ, ಅಜ್ಜಿ ಕಡೆ ಬಂದು ‘ಯವ್ವಾ ಇವನ್ನ ಇಲ್ಲೇ ಇಟ್ಕೋ, ಮಧ್ಯಾಹ್ನದ ಊಟ ಸಾಲ್ಯಾಗ ಆಗ್ತದ, ರಾತ್ರಿ ಒಂದು ರೊಟ್ಟಿ ನೀ ಹಾಕು’ ಅಂದ್ರು. ಅಜ್ಜಿಗೆ ಲೆಕ್ಕ ಹೊಂದಿತು.

ಸಿಂದಗಿ_ಅವ್ವ | ಮುಂಜಾನೆ 9:40
ಎಷ್ಟ್ ಛಲೋ ಮಾಸ್ತರ ಇದ್ರಿ ನಿಮಗ ಅಣ್ಣಾರ.

ಬೀಳಗಿ_ಮಾಸ್ತರ | ಮಧ್ಯಾಹ್ನ 1:15
ಊಟದ ಬಿಡುವಿನ್ಯಾಗ ಬರ್ಯಾಕತ್ತೀನಿ. ತಾಂಡಾದ ಅಣ್ಣಾರ, ಶ್ರಾವಣದ ಮಾತು ತಲ್ಯಾಗ ಕುಂತತಿ. ಕೇಳೂದು ಇನ್ನೊಂದು ಐತಿ, ಮಗುನ ಕರಕೊಂಡ ಹೋದ್ರು ಅಂತ ತಿಳ್ಕೋರಿ, ಆಮ್ಯಾಲೆ ನಾವು ಏನ್ ಮಾಡೂದು? ಮಾರ್ಚದಾಗ ಬಂದು ಕುಂತಾಗ ಅದಕ್ಕ ಏನೂ ತಿಳಿಯಂಗಿಲ್ಲ, ಒಂದು ವಾರ ಬಂದು ಆಮ್ಯಾಲೆ ಪೂರಾ ಬಿಡತೈತಿ.

ತಾಂಡಾದಾಂವ | ಮಧ್ಯಾಹ್ನ 1:50
ಹೋಗೂ ಮುಂದ ಒಂದ್ ಚೀಟಿ ಬರದು ಕೊಡ್ರಿ, ಹೆಸರು, ತರಗತಿ, ಎಸ್‌ಎಟಿಎಸ್ ನಂಬರ್. ಮುಧೋಳ ಕಡೆ ಹೋದ್ರ ಬಾಜೂಕಿನ ಸಾಲ್ಯಾಗ ಕುಂದ್ರಿಸಿಕೋತಾರ. ಟಿಸಿ ತಡಾ ಆತು ಅಂತ ಯಾವ ಸಾಲಿನೂ ಒಲ್ಲೆ ಅನ್ನೂಹಂಗಿಲ್ಲ, ಕಾಯ್ದೆದಾಗ ಅದ, ಕಟ್ಟಿ ಸಾಹೇಬ್ರು ಹೇಳ್ಲಿ.

ಕಾನೂನು_ಕಟ್ಟಿ | ಮಧ್ಯಾಹ್ನ 1:58
ಐತಿ, ಅದ ಕಾಯ್ದೆ 5ನೇ ಕಲಂ.

ತಾಂಡಾದಾಂವ | ಮಧ್ಯಾಹ್ನ 2:04
ಮಹಾರಾಷ್ಟ್ರಕ್ಕ ಹೋದವರದು ಕಷ್ಟ ಅದ, ಅಲ್ಲಿ ಮರಾಠಿ ಸಾಲಿ. ಅವರಿಗೆ ಫೋನ್ ಒಂದೇ ದಾರಿ, ಅದೂ ರಾತ್ರಿ ಎಂಟರ ಮ್ಯಾಲ, ಹಗಲೊತ್ತು ಕಬ್ಬಿನ ಗದ್ದ್ಯಾಗ ಯಾರ್ ಎತ್ತತಾರ. ಹುಡುಗನ ಜೋಡಿ ಎರಡ್ ಮಾತು ಆಡ್ರಿ, ಪುಸ್ತಕದಾಗಿನ ಒಂದು ಪುಟ ಓದಸ್ರಿ. ‘ಸರ್ ನನ್ನ ಮರತಿಲ್ಲ’ ಅಂತ ಆ ಹುಡುಗಗ ಗೊತ್ತಾದ್ರ ಮಾರ್ಚದಾಗ ತಿರುಗಿ ಬಂದು ನಿಮ್ಮ ಮುಂದ ನಿಂದ್ರತಾನ. ಊರಾಗ ಉಳದ ಮಕ್ಕಳದು ಉಲ್ಟಾ ಮಾಡ್ರಿ, ಹುಡುಗಿ ಓದೂದನ್ನ ವಾಯ್ಸ್ ರೆಕಾರ್ಡ್ ಮಾಡಿ ಕಬ್ಬಿನ ಗದ್ದಿಗೆ ಕಳಸ್ರಿ, ಅವ್ವ ಅಪ್ಪ ನಾಕ ಮಂದಿಗೆ ಕೇಳಸ್ತಾರ.

ನಿಪ್ಪಾಣಿ_ಗಡಿ | ಮಧ್ಯಾಹ್ನ 2:30
ಭಾಷೆದ ಮಾತ ಬಂತಲ್ಲ. ನಮ್ಮ ಕಡೆ ಎಷ್ಟೋ ಮನ್ಯಾಗ ಮರಾಠಿ ಮಾತಾಡೋದು, ಕನ್ನಡ ಮೆಸೇಜ್ ಓದಾಕ ಬರೂದಿಲ್ಲ. ವಿಜಾಪುರ ಸಿಟ್ಯಾಗ ಉರ್ದು ಮನಿ, ತಾಂಡಾದಾಗ ಲಂಬಾಣಿ. ಇಲಾಖೆ ಭಾಷೆದಾಗ ‘ತಮ್ಮ ಪಾಲ್ಯವು (ಅಂದ್ರ ನಿಮ್ಮ ಮಗು) ಗೈರುಹಾಜರಾಗಿರುತ್ತದೆ’ ಅಂತ ಮೆಸೇಜ್ ಬಂದ್ರ ಕನ್ನಡದವರಿಗೂ ತಿಳಿಯೂದಿಲ್ಲ. ಬರದದ್ದು ಬ್ಯಾಡ, ದನಿ ಕಳಸ್ರಿ.

ಅಥಣಿ_ಹುಡುಗ | ಮಧ್ಯಾಹ್ನ 2:36
‘ಪಾಲ್ಯ’ ಅಂದ್ರ ನಮ್ಮ ಮಾಮಾ ಪಲ್ಯ ಅಂತ ಓದಿದ್ದ, ಬಿಸಿಯೂಟದಾಗ ಪಲ್ಯ ಇಲ್ಲಂತ ಮೆಸೇಜ್ ಬಂದತಿ ಅಂತ 🤣

ತಿಕೋಟಾ_ದ್ರಾಕ್ಷಿ | ಮಧ್ಯಾಹ್ನ 2:41
ಊಟದ ಮಾತು ಬಂದ್ರ ಒಂದ್ ಹೇಳ್ತೀನಿ. ಇಷ್ಟೆಲ್ಲಾ ಫೋನು ಗೀನು ಬ್ಯಾಡ, ತತ್ತಿ ಕೊಡೋ ದಿನ ಹಾಜರಿ ನೋಡ್ರಿ, ತತ್ತಿ ಇಲ್ಲದ ದಿನ ನೋಡ್ರಿ.

ಇಂಡಿ_ಲಿಂಬಿಕಾಯಿ | ಮಧ್ಯಾಹ್ನ 2:48
ಖರೆ. 2021ರ ಡಿಸೆಂಬರದಾಗ ನಮ್ಮ ವಿಜಯಪುರ ಸೇರಿ ಕೆಲವು ಜಿಲ್ಲಾಕ್ಕ ಮೊದಲ ತತ್ತಿ ಕೊಟ್ಟಾಗ ಏನ್ ಗದ್ದಲ ಆಗಿತ್ತು. ಮಠದವರು ಬ್ಯಾಡ ಅಂದ್ರು, ಹುಡುಗರು ಬೇಕ ಅಂದ್ರು.

ಜಮಖಂಡಿ_ಅಜ್ಜ | ಮಧ್ಯಾಹ್ನ 3:02
ತತ್ತಿ ತಿನ್ನದವರಿಗೆ ಬಾಳಿಹಣ್ಣ ಕೊಡ್ತಾರ, ಜಗಳ ಯಾಕ. 2002ರಾಗ ಬಿಸಿಯೂಟ ಸುರು ಆದಾಗ ನಾ ನೌಕರಿಯಾಗಿದ್ದೆ. ಅದಕ್ಕಿಂತ ಮೊದಲ ಮಧ್ಯಾಹ್ನ ಊಟಕ್ಕ ಬಿಟ್ರ ಅರ್ಧಾ ಮಂದಿ ತಿರುಗಿ ಬರ್ತಿರಲಿಲ್ಲ. ಅನ್ನ ಬಂದಮ್ಯಾಲೆ ಸಂಜೀತನಾ ಕುಂದ್ರಾಕತ್ತಿದ್ರು. ಇದನ್ನ ಯಾವ ಫೋನೂ ಮಾಡಂಗಿಲ್ಲ.

ಬಿ_ಶಿಕ್ಷಣ_ಚಿಕ್ಕೋಡಿ | ಮಧ್ಯಾಹ್ನ 3:10
ಒಪ್ತೀನಿ, ಆದರೆ ಊಟ ಇದ್ದೂ ಗೈರು ಇದೆಯಲ್ಲ, ಮಾಸ್ತರ ಪ್ರಶ್ನೆ ಅದು. ಮೊಟ್ಟೆ ಬಿಟ್ಟು ವಿಷಯಕ್ಕೆ ಬನ್ನಿ.

ಬಾದಾಮಿ_ಹೈಸ್ಕೂಲ್ | ಸಂಜೆ 5:45
ನಾ ಹೈಸ್ಕೂಲ್ ಶಿಕ್ಷಕಿ. ನಮ್ಮದು ಸ್ವಲ್ಪ ಬ್ಯಾರೆ, ಎಸ್ಸೆಸ್ಸೆಲ್ಸಿಗೆ ಶೇ. 75 ಹಾಜರಿ ಇಲ್ಲಂದ್ರ ಪರೀಕ್ಷಾಕ್ಕ ಕುಂದ್ರಿಸಂಗಿಲ್ಲ. ಹಂಗಾಗಿ ಪಾಲಕರು ಜನವರಿಗೆ ಓಡಿ ಬರ್ತಾರ, ‘ಟೀಚರ್ ಏನರೆ ಮಾಡ್ರಿ’ ಅಂತ. ನಾನು ಅದಕ್ಕ ಆಗಸ್ಟ್‌ದಿಂದ ಪ್ರತಿ ತಿಂಗಳ ಕೊನಿ ಶನಿವಾರ ಇಷ್ಟ ಹೇಳ್ತೀನಿ, ಇಲ್ಲೀತನಾ ಸಾಲಿ ಇಷ್ಟ ದಿನ ನಡದತಿ, ನಿಮ್ಮ ಮಗಳು ಇಷ್ಟ ದಿನ ಬಂದಾಳ, ಇನ್ನ ಇಷ್ಟ ತಪ್ಪಿಸಿದ್ರ ಪರೀಕ್ಷಾ ಇಲ್ಲ. ಲೆಕ್ಕ ಕೇಳಿದಕೂಡಲೆ ದನಿ ಬದಲಾಗತೈತಿ ನೋಡ್ರಿ.

ಹೆಣ್ಣುಮಕ್ಕಳದು ಇನ್ನೊಂದು ವಿಚಾರ, ಇದನ್ನ ಗಂಡಸ ಮಾಸ್ತರು ಗಮನಿಸಂಗಿಲ್ಲ. ತಿಂಗಳಿಗೆ ಮೂರ್ನಾಕ ದಿನ ಅದ ಲೆಕ್ಕದಾಗ ತಪ್ಪಸ್ತಾಳ ಅಂದ್ರ ಸಾಲಿ ಪಾಯಿಖಾನ್ಯಾಗ ನೀರ ಐತೋ ಇಲ್ಲೋ ನೋಡ್ರಿ, ಅವರ ಅವ್ವಗ ಫೋನ್ ಹಚ್ಚಿ ಬೈಯಬ್ಯಾಡ್ರಿ. ನಮ್ಮಲ್ಲಿ ನಳಾ ರಿಪೇರಿ ಮಾಡಿಸಿದಮ್ಯಾಲೆ ಇದು ಎಷ್ಟೋ ಕಡಿಮಿ ಆತು. ಇನ್ನ ಒಂಬತ್ತನೇತ್ತದ ಹುಡುಗಿ ಒಮ್ಮಿಂದೊಮ್ಮಿ ಬರೂದು ಬಿಟ್ಟು, ಮನಿಯವರು ಫೋನಿನ್ಯಾಗ ‘ಅಜ್ಜಿ ಊರಿಗೆ ಹೋಗ್ಯಾಳ’ ಅಂತ ಎರಡ ಸಲ ಹೇಳಿದ್ರಂದ್ರ ಮೂರನೇ ಫೋನ್ ಅವರಿಗೆ ಅಲ್ಲ, ಮಕ್ಕಳ ಸಹಾಯವಾಣಿ 1098ಕ್ಕ. ಮದುವಿ ಸೀಜನ್ ಇದ್ರ ಅಂತೂ ಒಂದಿನ ತಡಾ ಮಾಡಬ್ಯಾಡ್ರಿ.

ರಬಕವಿ_ಮಗ್ಗ | ಸಂಜೆ 5:58
ಟೀಚರ್, 1098ಕ್ಕ ಹಚ್ಚಿದ್ರ ಊರ ಮಂದಿ ನಿಮ್ಮ ಮ್ಯಾಲೆ ಬೀಳ್ತಾರ. ಆಮ್ಯಾಲೆ ಯಾವ ಪಾಲಕರು ಮಾತಾಡ್ತಾರ ನಿಮ್ಮ ಜೋಡಿ?

ಬಾದಾಮಿ_ಹೈಸ್ಕೂಲ್ | ಸಂಜೆ 6:04
ಯಾರು ಹೇಳಿದ್ರು ಅಂತ ಅವರು ಹೊರಗ ಬಿಡಂಗಿಲ್ರಿ. ಮತ್ತ ಊರ ಮಂದಿ ಮಾತಾಡ್ಲಿಲ್ಲಂದ್ರೂ ನಡೀತೈತಿ, ಆ ಹುಡುಗಿ ಜೋಡಿ ಮಾತಾಡೋರು ಯಾರರೆ ಬೇಕಲ್ಲ.

ಗೋಳಗುಮ್ಮಟ_ರೋಡ್ | ಸಂಜೆ 6:20
ಟೀಚರಿಗೆ ನನ್ನ ವೋಟ್.

ಜಮಖಂಡಿ_ಅಜ್ಜ | ಸಂಜೆ 6:45
ತಮ್ಮಾ ಬೀಳಗಿ, ಸಭಾ ಮಾಡೂದಿದ್ರ ದಿನಾ ನೋಡಿ ಮಾಡು. ನಮ್ಮ ಕಡೆ ಸೋಮವಾರ ಎತ್ತು ಹೂಡಂಗಿಲ್ಲ, ರೈತರು ಮನ್ಯಾಗ ಇರ್ತಾರ. ಮಳಿಗಾಲದಾಗ ಊರಿಗೆ ಊರ ವಾರ ಹಿಡಿದಾಗ ಯಾರೂ ಹೊಲಕ್ಕ ಹೋಗಂಗಿಲ್ಲ, ಹೆಣ್ಮಕ್ಕಳು ಗುಡಿ ಕಡೆ ಇರ್ತಾರ. ಅವತ್ತ ಗುಡಿ ಕಟ್ಟಿಗೆ ಹೋಗಿ ಕೂಡ್ರಿ, ಸಾಲಿಗೆ ಕರೀಬ್ಯಾಡ್ರಿ. ಬುಧವಾರ ಹನ್ನೊಂದಕ್ಕ ಸಭಾ ಕರದು ‘ಪಾಲಕರಿಗೆ ಆಸಕ್ತಿ ಇಲ್ಲ’ ಅಂತ ವರದಿ ಬರ್ಯೋದು ಬ್ಯಾಡ.

ತಿಕೋಟಾ_ದ್ರಾಕ್ಷಿ | ಸಂಜೆ 6:52
ಅಜ್ಜಾರ ಈ ಸರ್ತಿ ಸಿಕ್ಸ್ ಹೊಡದ್ರು. ನಮ್ಮ ಕಡೆ ದ್ರಾಕ್ಷಿ ಚಾಟನಿ (ಬಳ್ಳಿ ಕತ್ತರಸೂ) ಟೈಮಿಗೂ ಸಭಾ ಬ್ಯಾಡ, ಅವಾಗ ದಿನಗೂಲಿ ಡಬಲ್ ಇರ್ತದ, ದೇವರ ಬಂದು ಕರದ್ರೂ ಯಾರೂ ಬರಂಗಿಲ್ಲ.

ಸಿಂದಗಿ_ಅವ್ವ | ಸಂಜೆ 7:10
ನಮ್ಮ ಟೀಚರ್ ಗುಡಿ ಹಂತೇಕ ಕುಂತಾಗ ಬರೀ ಹೆಣ್ಮಕ್ಕಳ ಜೋಡಿ ಮಾತಾಡ್ತಾರ, ಗಂಡಸರು ಬಂದ್ರ ನಮ್ಮ ಬಾಯಿ ಕಟ್ತದ. ಮತ್ತ ಒಬ್ಬರ ಮಗನ ವಿಚಾರ ಇನ್ನೊಬ್ಬರ ಮುಂದ ತಗಿಯಂಗಿಲ್ಲ. ಗ್ರೂಪಿನ್ಯಾಗ ಬರದ ಮಕ್ಕಳ ಹೆಸರ ಹಾಕೂದೂ ಬಿಡ್ರಿ ಸರ್, ಊರಿಗೆಲ್ಲಾ ಡಂಗುರ ಹೊಡದಂಗ ಆಗ್ತದ ಅದು.

ಅಥಣಿ_ಹುಡುಗ | ಸಂಜೆ 7:18
ನಮ್ಮ ಸಾಲಿ ಗ್ರೂಪಿನ್ಯಾಗ ದಿನಾ ಗೈರು ಪಟ್ಟಿ ಹಾಕ್ತಿದ್ರು. ಒಬ್ಬರ ಅಪ್ಪ ಸಿಟ್ಟಿಗೆ ಗ್ರೂಪ್ ಬಿಟ್ಟ, ಅವನ ಹಿಂದ ಅವನ ಪಾರ್ಟಿಯವರೆಲ್ಲಾ ಬಿಟ್ರು. ಈಗ ಗ್ರೂಪಿನ್ಯಾಗ ಮಾಸ್ತರು ಮತ್ತ ಇನ್ವರ್ಟರ್ ಮಾರಾವ ಇಬ್ಬರ ಅದಾರ.

ಬೀಳಗಿ_ಮಾಸ್ತರ | ರಾತ್ರಿ 8:35
ಎಲ್ಲಾರಿಗೂ ಉಪಕಾರ. ನಾ ಮಾಡೂದು ಬರೀತೀನಿ, ತಪ್ಪಿದ್ರ ಬೈರಿ. ಗ್ರೂಪ್ ಇರ್ಲಿ, ಅದರಾಗ ಸೂಟಿ ಸುದ್ದಿ ಬಿಟ್ಟು ಏನೂ ಹಾಕಂಗಿಲ್ಲ. ಪದೇ ಪದೇ ತಪ್ಪಸೋ ಮನಿ ಅಷ್ಟ ಹಿಡಕೋತೀನಿ, ಅವ್ವಂದ ಇಲ್ಲಾ ಅಜ್ಜಿದ ನಂಬರ್ ತಗೋತೀನಿ, ಬರದ ದಿನ ಪ್ರಾರ್ಥನಾ ಮುಗದಕೂಡಲೆ ಒಂದ್ ಫೋನ್, ಬಂದ ವಾರ ಒಂದ್ ಛಲೋ ಮಾತಿನ ಫೋನ್. ತಿಂಗಳಿಗೊಮ್ಮಿ ಒಟ್ಟು ಲೆಕ್ಕ, ಟೀಚರ್ ಹೇಳಿದಂಗ. ಕಬ್ಬಿಗೆ ಹೋಗೋ ಮನಿಗೆ ಈ ಶ್ರಾವಣದಾಗ ಹೋಗ್ತೀನಿ. ನಮ್ಮ ಊರ ಪಕ್ಕದಾಗೂ ಒಂದು ತಾಂಡಾ ಐತಿ, ಅಲ್ಲಿ ಅಜ್ಜಿಗಳಿಗೆ ನನ್ನ ಕನ್ನಡ ಅಷ್ಟಕ್ಕಷ್ಟ ತಿಳಿತೈತಿ, ಅದೊಂದ ತೊಡಕು.

ಹೆಸರ_ಬ್ಯಾಡ_ಬಿಡ್ರಿ | ರಾತ್ರಿ 8:41
ಮೀಟಿಂಗಿನ್ಯಾಗ ಶೇಕಡಾವಾರು ಕೇಳಿದ್ರ ಏನ್ ಹೇಳ್ತೀರಿ?

ಬೀಳಗಿ_ಮಾಸ್ತರ | ರಾತ್ರಿ 8:44
ಇದ್ದದ್ದ ಹೇಳ್ತೀನಿ. ಬೈಸಿಕೊಂಡು ರೂಢಿ ಐತ್ರಿ.

ತಾಂಡಾದಾಂವ | ರಾತ್ರಿ 8:57
ಸರ, ಏನ್ ಹೇಳಬೇಕು ಅನ್ನೂದನ್ನ ಕನ್ನಡದಾಗ ಬರದು ಇನ್‌ಬಾಕ್ಸಿಗೆ ಹಾಕ್ರಿ, ನಮ್ಮ ಲಂಬಾಣಿದಾಗ ಮಾತಾಡಿ ರೆಕಾರ್ಡ್ ಮಾಡಿ ಕಳಸ್ತೀನಿ. ನನ್ನ ದನಿ ಬ್ಯಾಡ, ನಮ್ಮ ಅವ್ವನ ಕಡೆ ಮಾತಾಡಸ್ತೀನಿ, ಆಕಿ ಹೇಳಿದ್ರ ಅಜ್ಜಿಗಳು ಕೇಳ್ತಾರ. ಭಾಳ ಉದ್ದ ಬರೀಬ್ಯಾಡ್ರಿ ಮತ್ತ, ಆಕಿ ನಡುವ ಕುಶಲೋಪಚಾರಿ ಕೇಳ್ಕೋತ ಕುಂದ್ರತಾಳ.